ಕುಣಿಗಲ್ ಏರಿಯ ತನಕ

ಸೋಲಬೇಕಿತ್ತು. ಬರೀ ಸೋತರೆ ಸಾಲದು, ಬೆವರು ಸುರಿಸಿ ಸೋತ ಹಾಗೆ ಕಾಣಬೇಕಿತ್ತು. ರವೀಶ್ ಆಕ್ಸಿಲರೇಟರಿನ ಮೇಲಿಂದ ಕಾಲು ಸಡಿಲಿಸಿ, ಮುಂದೆ ಓಡುತ್ತಿದ್ದ ಕೆಂಪು ಜಾಗ್ವಾರಿಗೆ ಇನ್ನಷ್ಟು ದಾರಿ ಬಿಟ್ಟುಕೊಟ್ಟ.

2005ರ ಒಂದು ಭಾನುವಾರದ ಬೆಳಗು. ಗೂಳೂರು ಹಿಂದೆ ಬಿದ್ದಿತ್ತು. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ರವೀಶನದು ಹೊಸ ಟರ್ಬೊ ಸ್ಕೋಡಾ; ಸತ್ಯಮಂಗಲದಲ್ಲಿ ಸ್ವಂತ ವರ್ಕ್‌ಶಾಪು ನಡೆಸಿ, ಹೊಟ್ಟೆಬಟ್ಟೆ ಕಟ್ಟಿ ಕೊಂಡದ್ದು. ಮುಂದಿನ ಜಾಗ್ವಾರ್ ಅವನಪ್ಪನ ಮದುವೆಗಿಂತ ಹಳೆಯದು. ಮನಸ್ಸು ಮಾಡಿದ್ದರೆ ಯಾವಾಗಲೋ ಹಿಂದೆ ಹಾಕಿಬಿಡುತ್ತಿದ್ದ. ಆದರೆ ಹುಡುಗಿ ಬೇಕಿತ್ತಲ್ಲ.

ಸಂಬಂಧ ತಂದವನು ದಲ್ಲಾಳಿ ಯಲ್ಲಯ್ಯ. ಗುಬ್ಬಿಯ ಕೊಬ್ಬರಿ ಮಂಡಿ ರಾಮಾಂಜಿನಯ್ಯನವರ ಮಗಳು ತ್ರಿವೇಣಿ. ಆ ಮನೆಯದೊಂದು ವಿಚಿತ್ರ ಪದ್ಧತಿ: ಜಾತಕ ಕೂಡಿದರೂ, ಗಂಡು ತನ್ನ ಕಾರಿನಲ್ಲಿ ಅವರ ಹಳೇ ಕಾರಿನ ಜೊತೆ ಕುಣಿಗಲ್ ಕೆರೆ ಏರಿಯ ತನಕ ಓಡಿಸಿ ತೋರಿಸಬೇಕು. ಈ ಮೊದಲು ಇಬ್ಬರು ಹುಡುಗರು ಹೊಸ ಕಾರುಗಳಲ್ಲಿ ಬಂದು ಓಡಿಸಿದ್ದರು. ಇಬ್ಬರೂ ಅವತ್ತೇ ಬೇಡ ಅನ್ನಿಸಿಕೊಂಡಿದ್ದರು.

"ಹೊಸ ಕಾರಿನೋರು, ಗೆದ್ದೇ ಇರ್ತಾರೆ. ಯಜಮಾನ್ರಿಗೆ ಮುಖಭಂಗ ಆಗಿರ್ತದೆ," ಎಂದಿದ್ದ ಯಲ್ಲಯ್ಯ. "ನೀನು ಗೆದ್ಯೋ, ಹುಡುಗಿ ಕೈ ಬಿಟ್ಟೋದ್ಲು ಅಂತ ತಿಳ್ಕೋ."

ಹಿಂದಿನ ದಿನ ಹೆಣ್ಣು ನೋಡುವ ಶಾಸ್ತ್ರ ಮುಗಿದಿತ್ತು. ತ್ರಿವೇಣಿ ಉಪ್ಪಿಟ್ಟಿನ ತಟ್ಟೆ ಇಟ್ಟು, ಕಾರು ಇಷ್ಟವೇ ಎಂದು ಅವನು ಕೇಳಿದ್ದಕ್ಕೆ, "ನಮ್ಮನೇಲಿ ಕಾರ್ ನೋಡಲ್ಲ, ಓಡ್ಸೋರನ್ನ ನೋಡ್ತೀವಿ," ಎಂದು ನಕ್ಕಿದ್ದಳು. ಆ ನಗುವಿಗೆ ರವೀಶ್ ಅಲ್ಲೇ ಬಿದ್ದುಹೋಗಿದ್ದ. ಸ್ಕೋಡಾ ಕೊಂಡ ದಿನವೂ ಅವನಿಗೆ ಅಷ್ಟು ಖುಷಿಯಾಗಿರಲಿಲ್ಲ.

ರಾಮಾಂಜಿನಯ್ಯ ಮಾತ್ರ ಕಾರಿನ ಮಾತೆತ್ತಿದರೆ ಜಾರಿಕೊಳ್ಳುತ್ತಿದ್ದರು. ತಮ್ಮ ತಂದೆ ಅದನ್ನು ಊರು ಬಿಟ್ಟು ಹೊರಟಿದ್ದ ಕಾಫಿ ತೋಟದ ದೊರೆಯಿಂದ ಕೊಂಡು ತಂದರೆಂದೂ, ದೃಷ್ಟಿ ಮಂದವಾದ್ದರಿಂದ ಪಾಪ ಒಂದು ದಿನವೂ ಓಡಿಸಲಿಲ್ಲವೆಂದೂ ಅಷ್ಟೇ ಹೇಳಿದರು. ತಾಂಬೂಲದ ತಟ್ಟೆ ಬಂದಾಗ, ತಮಗೆ ಎಲೆ ಅಡಿಕೆ ಆಗುವುದಿಲ್ಲವೆಂದು ಇವನ ಕಡೆ ತಳ್ಳಿದರು.

ಜಗುಲಿಯ ಮೇಲೆ ಅವರ ತಾಯಿ ದೊಡ್ಡಗಂಗಮ್ಮ ಅಡಕತ್ತರಿ ಹಿಡಿದು ಕೂತಿದ್ದರು. ಕಾರಿನ ಶೆಡ್ಡಿನ ಬೀಗದ ಕೈ ಅವರ ಎಲೆ ಅಡಿಕೆ ಚೀಲದಿಂದಲೇ ಈಚೆ ಬಂತು. ಮುದುಕರಿಗೆ ಮನೆಯ ಬೀಗದ ಕೈ ಬಿಟ್ಟುಕೊಡಲು ಮನಸ್ಸಾಗದು ಎಂದು ರವೀಶ್ ಒಳಗೇ ನಕ್ಕ. ಅಜ್ಜಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ನಿನ್ನ ಕಾರಿನ ಬ್ರೇಕು ಹೆಂಗವೆ? ಭಯ ಬೇಡ ಅಜ್ಜಿ, ಮುಟ್ಟಿದರೆ ನಿಲ್ತದೆ ಎಂದು ಸಮಾಧಾನ ಹೇಳಿದ್ದ.

"ನಾಳೆ ಗೂಳೂರ ಹತ್ರ ನಿಂತಿರಿ," ಎಂದಿದ್ದರು ರಾಮಾಂಜಿನಯ್ಯ. "ಕಾರು ಬರ್ತದೆ."

ಬಂತು. ಟಾಪು ಇಳಿಸಿದ ಕೆಂಪು ಕಾರು; ಒಳಗೆ ನಿನ್ನೆ ರಾಮಾಂಜಿನಯ್ಯ ತೊಟ್ಟಿದ್ದ ಅದೇ ಕಂದು ಕೋಟು, ಮಂಕಿ ಕ್ಯಾಪು, ಅರ್ಧ ಮುಖ ಮುಚ್ಚುವ ದೂಳಿನ ಕನ್ನಡಕ. ಕೈಯೆತ್ತಿ ಒಂದು ಸನ್ನೆ, ಅಷ್ಟೇ. ನಿಲ್ಲಿಸಲೂ ಇಲ್ಲ.

ಹೆಬ್ಬೂರಿನವರೆಗೆ ರವೀಶ್ ಅಚ್ಚುಕಟ್ಟಾಗಿ ಸೋಲುತ್ತಾ ಬಂದ. ಆದರೆ ಸೋಲುತ್ತಾ ಸೋಲುತ್ತಾ ಅವನ ಕಣ್ಣು ಅರಳುತ್ತಿತ್ತು. ಹಳೇ ಡಬ್ಬ ಎಂದುಕೊಂಡಿದ್ದ ಕಾರು ತಿರುವುಗಳಲ್ಲಿ ನೀರು ಹರಿದ ಹಾಗೆ ಹೋಗುತ್ತಿತ್ತು. ಅವನ ಸ್ಕೋಡಾ ಒಳಗೆ ಕೂತವನಿಗೆ ಏನೂ ಕೇಳಿಸದಂತೆ ಓಡಿದರೆ, ಅದು ಗದ್ದೆಯಲ್ಲಿದ್ದವರು ತಲೆಯೆತ್ತಿ ನೋಡುವ ಹಾಗೆ ಹಾಡಿಕೊಂಡು ಓಡುತ್ತಿತ್ತು. ಎಮ್ಮೆಯೊಂದು ಅಡ್ಡ ಬಂದಾಗ ಮೊದಲೇ ಗೇರು ಇಳಿಸಿ, ಬ್ರೇಕಿನ ದೀಪವೂ ಹತ್ತದಂತೆ ದಾಟಿಸಿದ ನಯ ಕಂಡು ರವೀಶನ ಬಾಯಿಂದ ಭೇಷ್ ಎಂಬ ಮಾತು ತಾನಾಗಿ ಬಂತು. ಮಂಕಿ ಕ್ಯಾಪು ಪಕ್ಕಕ್ಕೆ ಬಾಗಿ ಎಲೆ ಅಡಿಕೆ ಉಗಿದು, ಹಿಂತಿರುಗಿ ಇವನನ್ನೊಮ್ಮೆ ನೋಡಿ, ನೇರ ರಸ್ತೆ ಸಿಕ್ಕಿದ್ದೇ ದೌಡಾಯಿಸಿತು.

ಅಲ್ಲಿಗೆ ರವೀಶನಿಗೆ ತಡೆಯಲಾಗಲಿಲ್ಲ. ಇಷ್ಟು ಚೆನ್ನಾಗಿ ಓಡಿಸುವವರ ಮುಂದೆ ನಾಟಕವಾಡುವುದು ಅವರಿಗೂ ಅವಮಾನ, ಎರಡು ಕಾರಿಗೂ ಅವಮಾನ ಎನಿಸಿತು. ಯಲ್ಲಯ್ಯನ ಬುದ್ಧಿಮಾತು ಗಾಳಿಗೆ ಹೋಯಿತು. ಕಾಲು ಒತ್ತಿದ. ಟರ್ಬೊ ಎದ್ದು ನಿಂತಿತು. ಕುಣಿಗಲ್ ಕೆರೆ ಕಾಣುವ ಹೊತ್ತಿಗೆ ಕೆಂಪು ಕಾರು ಕನ್ನಡಿಯಲ್ಲಿ ಕುಂಕುಮದ ಬೊಟ್ಟಿನಷ್ಟಾಗಿತ್ತು.

ಏರಿಯ ಮೇಲೆ ಇಂಜಿನ್ ಆರಿಸಿದ ಮೇಲೆ ಅವನಿಗೆ ಎಚ್ಚರವಾಯಿತು. ಒಂದು ಕಾರಿನ ಹುಚ್ಚಿಗೆ ತ್ರಿವೇಣಿಯನ್ನು ಕಳೆದುಕೊಂಡೆನಲ್ಲ! ಉಳಿದಿದ್ದದ್ದು ಒಂದೇ ದಾರಿ. ಜಾಗ್ವಾರ್ ಬಂದು ನಿಂತು, ಬಾಗಿಲು ತೆರೆದು ಒಂದು ಕಾಲು ಕೆಳಗಿಡುವಷ್ಟರಲ್ಲಿ ಓಡಿಹೋಗಿ, ಬಗ್ಗಿ ಪಾದ ಹಿಡಿದುಬಿಟ್ಟ.

"ತಪ್ಪಾಯ್ತು ಮಾವ. ಸೋಲ್ಬೇಕು ಅಂತ್ಲೇ ಬಂದಿದ್ದೆ, ಆಗ್ಲಿಲ್ಲ."

ಕೈಗೆ ತಣ್ಣಗೆ ಬೆಳ್ಳಿಯ ಕಾಲ್ಗಡಗ ತಗುಲಿತು. ತಲೆಯೆತ್ತಿದರೆ ಮಂಕಿ ಕ್ಯಾಪು ತೆಗೆದು ಬಿಳಿ ತುರುಬು ಕಟ್ಟಿಕೊಳ್ಳುತ್ತಿದ್ದರು ದೊಡ್ಡಗಂಗಮ್ಮ.

"ಏಳಪ್ಪ, ನಮ್ ರಾಮಂಗೆ ಸೈಕಲ್ಲೂ ಬರಾಕಿಲ್ಲ," ಎಂದರು ಅಜ್ಜಿ, ಬೀಗದ ಕೈಯನ್ನು ಎಲೆ ಅಡಿಕೆ ಚೀಲಕ್ಕೆ ಹಾಕುತ್ತಾ. "ಮುಂಚೆ ಬಂದಿದ್ದ ಆ ಇಬ್ರೂವೆ ನಾನು ಅವ್ನೇ ಅಂದ್ಕೊಂಡು, ಮೆಚ್ಚಿಸಾಕೆ ಕೊನೇಗಂಟ ಬೇಕಂತ್ಲೇ ಸೋತ್ರು, ನೀನು ಹೆಬ್ಬೂರ್ ದಾಟಿದ್ ಮ್ಯಾಕಾದ್ರೂ ದಿಟವಾಗಿ ಓಡ್ಸಿದೆ, ನಡಿ, ಲಗ್ನ ಇಡ್ಸಾನ."