ತವರಿನ ಗಂಟೆ

ಅಂದು ಬೆಳಗ್ಗೆ ಎಂಥ ಮಂಜು ಮುಸುಕಿತ್ತೆಂದರೆ, ಹುಲಿಗೆವ್ವನಿಗೆ ತನ್ನ ಎಮ್ಮೆ ಕಾಣಲಿಲ್ಲ. ಅದರ ಕೊರಳ ಗಂಟೆಯಷ್ಟೇ ಕೇಳಿಸಿತು.

ಗಂಟೆ ಅವಳದಲ್ಲ. ಎಮ್ಮೆಯ ಕರುಳು ತಿರುಚಿ ಕೊಳೆತಾಗ, ನೆರೆಯ ಮುದಿಯಪ್ಪ ತನ್ನ ಎಮ್ಮೆಯ ಕರುಳಿನಲ್ಲೊಂದು ತುಂಡು ಕೊಟ್ಟು, ಊರ ರೂಢಿಯಂತೆ ಅದರ ಗಂಟೆಯನ್ನೂ ಕಳಿಸಿದ್ದ. ಹೊಸ ಮನೆಗೆ ಹೊಂದುವವರೆಗೆ ಕರುಳಿಗೆ ತವರಿನ ಸದ್ದು ಕೇಳುತ್ತಿರಬೇಕು. ಹೊಂದಿದರೆ ಗಂಟೆ ತವರಿಗೆ ವಾಪಸು; ಹೊಂದದಿದ್ದರೆ ಎಮ್ಮೆಯ ಜೊತೆ ಗಂಟೆಯೂ ಮಣ್ಣಿಗೆ.

ದನದ ಡಾಕ್ಟರು ಬಂದು, ಎಮ್ಮೆಯ ಪಕ್ಕೆಯಲ್ಲಿ ಕೂರಿಸಿದ್ದ ಗಾಜಿನ ಕಿಂಡಿಯೊಳಗೆ ಬ್ಯಾಟರಿ ಬೆಳಕು ಬಿಟ್ಟರು. ಹೋದ ವಾರ ಕರುಳಿನ ಒಳಪದರ ಬಿಳಿಚಿ, ಬಾತು, ಸುಲಿಯತೊಡಗಿತ್ತು. ಹುಲಿಗೆವ್ವ ಕಣ್ಣುಮುಚ್ಚಿ ಊರಮ್ಮನನ್ನು ನೆನೆದಳು.

"ಸೊಸಿ ಏನಂತಾಳ್ರೀ ಸಾಹೇಬ್ರ? ಬಾಳ್ವೆ ಮಾಡ್ತಾಳೋ, ಗಂಟುಮೂಟಿ ಕಟ್ಯಾಳೋ?"

"ಬಾಳ್ವೆ ಮಾಡ್ತಾಳ ಬೇ ಯವ್ವಾ. ನೋಡಿಲ್ಲೆ, ಒಳಗ ಕೆಂಪನ್ನ ಮಕಮಲ್ ಹಾಸ್ಯಾಳ!"

ಹುಲಿಗೆವ್ವ ಎಮ್ಮೆಯ ಹಣೆಗೆ ಹಣೆ ಹಚ್ಚಿ ನಿಂತಳು. ಆಮೇಲೆ ಗಂಟೆ ಬಿಚ್ಚಿ, ತೊಳೆದು, ಕುಂಕುಮವಿಟ್ಟು, ಸದ್ದಾಗದಂತೆ ಸೆರಗಿನಲ್ಲಿ ಹಿಡಿದು ಹೋದಳು.

ಮುದಿಯಪ್ಪ ತಲೆ ತಗ್ಗಿಸಿ ಹಾಲು ಕರೆಯುತ್ತಿದ್ದ. ಅವಳು ಅವನ ಎಮ್ಮೆಯ ಕೊರಳಿಗೆ ಗಂಟೆ ಕಟ್ಟಿದಳು. ಎಮ್ಮೆ ತಲೆಯಾಡಿಸಿತು.

ಸದ್ದು ಕೇಳಿದ ಮುದಿಯಪ್ಪನ ಕೈ ಕೆಚ್ಚಲಲ್ಲೇ ನಿಂತಿತು. "ಬರ್ರಿ ಬೀಗ್ತಿ," ಎಂದ ಮಂಜಿನೊಳಗಿಂದ, "ಹಾಲು ಕುಡದ ಹೋಗ್ರಿ."