ಆಯುಧಪೂಜೆಯ ಮರುದಿನ

“ಆರು ವರ್ಷ ಸಾಕಿದ ಹವಳ ಕಣೋ, ಎಲ್ಲಾ ಸತ್ತಿದೆ! ಫಿಲ್ಟರ್ ನೋಡ್ಕೊಳ್ಳೋಕೆ ತಾನೇ ನಿಂಗೆ ಸಂಬಳ? ದೊಡ್ಡ ಪಂಡಿತನ ಹಾಗೆ ಬಣ್ಣ ನೋಡ್ತಾ ನಿಂತಿದೀಯ!”

ಪರ ಊರಿಂದ ಆಗಷ್ಟೇ ಬಂದಿದ್ದ ಯಜಮಾನರು ಕೂಗುತ್ತಲೇ ಇದ್ದರು. ಪುಟ್ಟಮಾದ ಅಕ್ವೇರಿಯಮ್ಮಿನ ನೀರನ್ನು ಗಾಜಿನ ನಳಿಕೆಯಲ್ಲಿ ಹಿಡಿದು, ಅದು ತಿರುಗಿದ ಬಣ್ಣ ನೋಡಿ ಪರೀಕ್ಷಿಸುತ್ತಿದ್ದ. ನೀರು ಕೊಳೆತು ಅಮೋನಿಯಾ ವಿಪರೀತ ಏರಿತ್ತು.

“ಫಿಲ್ಟರ್ ನಿಂತು ಒಂದು ದಿನದ ಮೇಲಾದ ಹಾಗಿದೆ ಸಾರ್.”

“ನಿಲ್ಸಿದ್ದು ಯಾರು? ಯಾರೇ ಆಗ್ಲಿ, ಇವತ್ತೇ ಮನೆ ಬಿಡ್ಬೇಕು. ಹೆಂಡ್ತಿ ಅಂತಾನೂ ನೋಡಲ್ಲ!”

ಪುಟ್ಟಮಾದ ಬಗ್ಗಿ ತೊಟ್ಟಿಯ ಕೆಳಗಿನ ಕಪಾಟು ತೆರೆದ. ಫಿಲ್ಟರಿಗೆ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟಿದ್ದರು. ಪೂಜೆಯ ದಿನ ಯಂತ್ರ ಓಡಬಾರದೆಂದು ಸ್ವಿಚ್ಚನ್ನೂ ಆರಿಸಿದ್ದರು. ಅವನು ತಲೆಯೆತ್ತಿದ. ಯಜಮಾನರ ಬೆನ್ನ ಹಿಂದೆ ಅಮ್ಮಾವ್ರು ಬಿಳಿಚಿಕೊಂಡು ನಿಂತಿದ್ದರು. ಸದ್ದಿಲ್ಲದೆ ಕೈಮುಗಿದರು.

“ಏನೋ ಸಿಕ್ತು ಅಲ್ಲಿ?”

ಪುಟ್ಟಮಾದ ಮತ್ತೆ ಬಗ್ಗಿ, ಕಪಾಟಿನ ಬಾಗಿಲ ಮರೆಯಲ್ಲಿ ಹೂವನ್ನು ಜೇಬಿಗಿಟ್ಟುಕೊಂಡ. ಕುಂಕುಮವನ್ನು ತೋಳಿನಿಂದ ಒರೆಸಿದ.

“ಮೊನ್ನೆ ತೊಳೆದವನು ಸ್ವಿಚ್ ಹಾಕೋದು ಮರೆತೆ. ತಪ್ಪು ನಂದೇ ಸಾರ್,” ಎಂದು ಚೀಲ ಹೆಗಲಿಗೇರಿಸಿ ಹೋದವನು ಮತ್ತೆ ಆ ಮನೆಗೆ ಬರಲಿಲ್ಲ.