ಬಾಯ್ಲರ್ ಕೋಣೆಯ ಮೊಳೆ

ಎಪ್ಪತ್ತರ ಲವೋನ್ ಬಾಯ್ಲರ್ ಕೋಣೆಯ ಗೋಡೆಯ ಮೇಲೆ ತನ್ನದೇ ಹೆಸರನ್ನು ಓದಿದಳು. ಅಮೆರಿಕದ ಐಯೋವಾದ ಆ ಪುಟ್ಟ ಊರಿನಲ್ಲಿ ಅವಳು ಓದಿದ್ದ ಹಳೆಯ ಶಾಲೆ ನಾಳೆ ನೆಲಸಮ. ಕೊನೆಯ ಸಲ ನೋಡಲು ಜತೆಗೆ ಬಂದ ಗೆಳತಿ ಡಾರ್ಲೀನ್ ಟಾರ್ಚ್ ಹಿಡಿದಿದ್ದಳು. ಬಿಸಿನೀರಿನ ಕೊಳವೆಯ ಮೇಲ್ಗಡೆ ಗೋಡೆಗೆ ಹೊಡೆದ ಮೊಳೆಗಳ ಸಾಲು, ಪ್ರತಿ ಮೊಳೆಯ ಕೆಳಗೂ ಬಣ್ಣದಲ್ಲಿ ಬರೆದ ಒಂದೊಂದು ಮಗುವಿನ ಹೆಸರು.

ಚಿಕ್ಕಂದಿನಲ್ಲಿ, ಆಟದ ಹೊತ್ತಿನಲ್ಲಿ ಹಿಮಕ್ಕೆ ತೊಯ್ದ ಕೈಗವಸು ಮನೆಗೆ ಹೊರಡುವಾಗ ಬೆಚ್ಚಗೆ ಒಣಗಿರುತ್ತಿತ್ತು. ಅದು ಟೀಚರಮ್ಮನ ಕೆಲಸವೆಂದೇ ನಂಬಿದ್ದ ಲವೋನ್, ಆಕೆ ಬದುಕಿರುವವರೆಗೂ ಕ್ರಿಸ್‌ಮಸ್‌ಗೆ ಬಿಸ್ಕತ್ತು ಮಾಡಿ ಕಳಿಸಿದ್ದಳು.

"ಇದು ಅಪ್ಪನ ಕೈಬರಹ," ಎಂದಳು ಡಾರ್ಲೀನ್. ಅವಳಪ್ಪ ಇಲ್ಲಿ, ಶಾಲೆಯನ್ನು ಬೆಚ್ಚಗಿಡುವ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದ.

"ನಾವು ಅವ್ರನ್ನ ಮಸಿಮೂತಿ ಅಂತ ಆಡ್ಕೋತಿದ್ವಲ್ಲೇ."

"ಅಪ್ಪಂಗೂ ಗೊತ್ತಿತ್ತು ಕಣೇ."

ಲವೋನ್ ಕೈಗವಸುಗಳನ್ನು ಬಿಚ್ಚಿ ತನ್ನ ಮೊಳೆಗೆ ನೇತುಹಾಕಿದಳು.

"ಹೊರಗೆ ಹಿಮ ಬೀಳ್ತಿದೆ. ಕೈ ಮರಗಟ್ಟುತ್ತೆ ನೋಡು," ಎಂದಳು ಡಾರ್ಲೀನ್.

"ಮರಗಟ್ಲಿ ಬಿಡು. ಆಗ ನಿಮ್ಮಪ್ಪ ಒಂದಿನಾನೂ ಮರಗಟ್ಟೋಕೆ ಬಿಡ್ಲಿಲ್ವಲ್ಲ."